ಟೆಂಪೋ ಹಣೆಯ ಅಕ್ಷರ

ಗುರುವಾರ ಹೊತ್ತು ನೆತ್ತಿಗೆ ಬಂದಾಗ ತಾಂಬಾ ಊರಿನ ಸುಮಿತ್ರಾಬಾಯಿ ಇಂಡಿಯಲ್ಲಿದ್ದ ಮೈದುನನ ಮನೆಗೆ ಬಂದಳು. ನಿಂಬೆಹಣ್ಣು ಮಾರಿ ಖಾಲಿಯಾದ ಚೀಲವನ್ನು ಕಟ್ಟೆಯ ಮೇಲೆ ಒಗೆದು, ನೀರು ಸಹ ಕೇಳದೆ ಜಗಳಕ್ಕೆ ನಿಂತಳು.

"ಏನ ಬರದಿಯೋ ಮಡಿವಾಳಾ? ಎರಡು ಟೆಂಪೋ ನನ್ನ ಕಣ್ಣಮುಂದ ಹೋದವು. ತಾಂಬಾದ ಗಾಡಿ ಮುಂದ ನಿಂತು, ತಾಂಬಾದ ಗಾಡಿ ಯಾವಾಗ ಬರ್ತೈತಿ ಅಂತ ಅದರ ಡ್ರೈವರನ್ನ ಕೇಳೇನಿ. ಮಂದಿ ನಕ್ಕರು."

ಮಡಿವಾಳಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಕಟ್ಟೆ ಝಾಡಿಸಿ, "ಕೂಡ್ರಿ ವೈನಿ. ಅದನ್ನ ನಾ ಬರದಿಲ್ಲ, ಕಂಪ್ಯೂಟರ ಬರದೈತಿ" ಅಂದ.

"ಅಕ್ಷರ ನಂದು ನಂದು ಅಂತ ಊರ ತುಂಬ ಹೇಳ್ಕೋತ ತಿರಗ್ಯಾಡಿದಾಂವ ಯಾರು ಮತ್ತ?"

"ನಿಮ್ಮ ಕಣ್ಣು ಮಂಜಾಗ್ಯಾವ. ಡಾಕ್ಟರಿಗೆ ತೋರಸ್ರಿ."

"ಕಣ್ಣು ಚೊಲೋ ಅದಾವು. ಮೊದಲ ಹಸರ ಬೋರ್ಡ ಕಂಡ್ರ ನಮ್ಮದು ಅಂತ ಹತ್ತತಿದ್ದೆ. ಈಗ ಅದನ್ನ ಹಳದಿ ಮಾಡ್ಯಾರ. ಮೂರನೇತ್ತ ತನಕ ಸಾಲಿ ಕಲತಾಕಿ ನಾ. ಓದೂಣು ಅಂತ ನಿಂತ್ರ, ಬರೇ ಕರಿ ಇಟ್ಟಂಗಿ ಸಾಲು ಕಂಡ್ವು."

ಆಕೆ ಚಹಾ ಕುಡಿದು, ಬೈಗುಳ ಮುಗಿಸಿ ಬಸ್ ಹಿಡಿದು ಹೋದಳು. ಮಡಿವಾಳಪ್ಪನಿಗೆ ಮಾತ್ರ ಆಮೇಲೆ ಕೂತಲ್ಲಿ ಕೂಡಲಾಗಲಿಲ್ಲ. ಕರಿ ಇಟ್ಟಂಗಿ ಅಂದ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡತೊಡಗಿತು. ಚಪ್ಪಲಿ ಮೆಟ್ಟಿ ಸ್ಟ್ಯಾಂಡಿನ ಕಡೆ ನಡೆದ.

ಇಂಡಿಯ ಟೆಂಪೋಗಳ ಹಣೆಗೆ ಮೂವತ್ತು ವರ್ಷಕ್ಕೂ ಮಿಕ್ಕಿ ಊರ ಹೆಸರು ಬರೆದವನು ಅವನೇ. ಕೆಲಸ ಕಲಿಸಿದ ಉಸ್ತಾದ ನಾಲತವಾಡದ ಯಾಕೂಬಸಾಬ ಬರೆಯುತ್ತಿದ್ದದ್ದು ದುಂಡು ಅಕ್ಷರ, ಮುತ್ತಿನಂಥದ್ದು. ಮಡಿವಾಳಪ್ಪನ ಕೈಗೆ ಆ ದುಂಡು ಕಡೆತನಕ ಒಲಿಯಲಿಲ್ಲ. ಇಂಡಿಯ ಬಿಸಿಲಿಗೆ ಕಾದ ತಗಡಿನ ಮೇಲೆ ಎಣ್ಣೆಬಣ್ಣ ತಿರುವು ಮುಗಿಯುವ ಮೊದಲೇ ಒಣಗಿ ಬ್ರಶ್ಶಿಗೆ ಹತ್ತಿಕೊಳ್ಳುತ್ತಿತ್ತು. ಅದಕ್ಕೆ ಅವನೊಂದು ಹಾದಿ ಹುಡುಕಿಕೊಂಡ. ಅರಿವೆಗೆ ಹಾಕುವ ನೀಲಿಯಲ್ಲಿ ದಾರ ಅದ್ದಿ, ಎರಡೂ ತುದಿ ಬಿಗಿದು, ನಡುವೆ ಎತ್ತಿ ಬಿಟ್ಟರೆ ತಗಡಿನ ಮೇಲೆ ಗೆರೆ ಬೀಳುತ್ತದೆ. ಆ ಗೆರೆ ಹಿಡಿದು ಚಪ್ಪಟೆ ಬ್ರಶ್ಶು ಎಳೆದರೆ ಆಯಿತು. ದಾರ ಬಾಗುವುದಿಲ್ಲ, ಹಾಗಾಗಿ ಅವನ ಅಕ್ಷರವೂ ಬಾಗಲಿಲ್ಲ. ದುಂಡಿದ್ದಲ್ಲೆಲ್ಲ ಮೂಲೆ ಬಂತು. ಉಸ್ತಾದ ಅದನ್ನು ನೋಡಿ, "ತೊಂಬತ್ತು ಹೆಜ್ಜಿ ದೂರ ಹೋಗು. ಸಾಲಿ ಅರ್ಧಕ್ಕ ಬಿಟ್ಟ ಒಬ್ಬರನ್ನ ಕರದು ಓದಸು. ಓದಿದ್ರ ಇಟಗೋ, ಇಲ್ಲಂದ್ರ ಒರಸು" ಅಂದಿದ್ದ. ಅವತ್ತು ಓದಿದ್ದರು, ಇಟ್ಟುಕೊಂಡ.

ಮುಂದೆ ಫ್ಲೆಕ್ಸು ಬಂತು, ಅಂಗಡಿ ಬೋರ್ಡಿನ ಕೆಲಸ ಹೋಯಿತು. ಮೂರು ವರ್ಷದ ಹಿಂದೆ ಕೈ ನಡುಗಲು ಹತ್ತಿ ಟೆಂಪೋ ಕೆಲಸವೂ ನಿಂತಿತು. ಅಷ್ಟರಲ್ಲಿ ಮುದ್ದೇಬಿಹಾಳದ ಗುರುರಾಜ ಮಾಸ್ತರರ ಮಗಳು ವೃಂದಾ, ಪುಣೆಯಲ್ಲಿ ಅಕ್ಷರ ಮಾಡುವ ವಿದ್ಯೆ ಕಲಿತವಳು, ಸ್ಟ್ಯಾಂಡಿನಲ್ಲಿ ಈ ಮೂಲೆ ಅಕ್ಷರ ನೋಡಿ ಅವನ ಮನೆ ಹುಡುಕಿಕೊಂಡು ಬಂದಳು. ಬೋರ್ಡುಗಳ ಫೋಟೋ ತೆಗೆದಳು. ಅವನು ಎಂದೂ ಬರೆಯದ ಅಕ್ಷರಗಳನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಬರೆಸಿಕೊಂಡಳು. ಎರಡು ವರ್ಷ ದುಡಿದು ಕಂಪ್ಯೂಟರಿಗೆ ಒಂದು ದಪ್ಪ, ಮೂಲೆಮೂಲೆಯ ಫಾಂಟು ಮಾಡಿ, ಅದಕ್ಕೆ ಅವನ ಹೆಸರನ್ನೇ ಇಟ್ಟಳು. ಟೆಂಪೋ ಸಂಘದವರು ಖುಷಿಯಾಗಿ, ನಲವತ್ತೆರಡೂ ಗಾಡಿಗೆ ಒಂದೇ ಥರ ಹಳದಿ ಬೋರ್ಡು, ಕಪ್ಪು ಅಕ್ಷರ, ಅದೂ ಮಡಿವಾಳಪ್ಪನ ಅಕ್ಷರವೇ ಅಂತ ಠರಾಯಿಸಿದರು. ಬರುವ ಸೋಮವಾರ ಎಲ್ಲ ಗಾಡಿಗೂ ಏರಿಸುವುದು. ಮೂರು ಗಾಡಿಗೆ ಆಗಲೇ ಏರಿಸಿ ನೋಡಿದ್ದರು.

ಸ್ಟ್ಯಾಂಡಿನಲ್ಲಿ ಆ ಮೂರರ ಪೈಕಿ ಎರಡು ನಿಂತಿದ್ದವು. ಮಡಿವಾಳಪ್ಪ ಬೆನ್ನು ತಿರುಗಿಸಿ ತೊಂಬತ್ತು ಹೆಜ್ಜೆ ಎಣಿಸಿ, ತಿರುಗಿ ನೋಡಿದ. ತಾಂಬಾ. ಸಿಂದಗಿ. ಅವನಿಗೆ ಕಂಡಿತು. ಆದರೆ ಏನು ಬರೆದಿದೆ ಅಂತ ಗೊತ್ತಿದ್ದವನ ಕಣ್ಣು ಸಾಕ್ಷಿಗೆ ಬರುವುದಿಲ್ಲ. ಗೊಬ್ಬರದ ಚೀಲ ಹೊತ್ತು ಬರುತ್ತಿದ್ದವನೊಬ್ಬನನ್ನು ನಿಲ್ಲಿಸಿ, "ತಮ್ಮಾ, ಅಲ್ಲಿ ಏನ ಬರದಾರ ನೋಡು" ಅಂದ.

ಅವನು ಕಣ್ಣು ಕಿರಿದು ಮಾಡಿದ. "ಏನೋ ಕರ್ರಗ ಕಾಣತೈತಿ. ಯಾಕ ಮುತ್ಯಾ, ನಿನಗ ಓದಾಕ ಬರಂಗಿಲ್ಲೇನು?"

ಮಡಿವಾಳಪ್ಪ ಅಲ್ಲಿಯೇ ನಿಂತು ವೃಂದಾಳಿಗೆ ಫೋನು ಹಚ್ಚಿದ. ಅಕ್ಷರ ದಪ್ಪ ಮಾಡಿಬಿಟ್ಟಿದ್ದೀಯಲ್ಲ ಯವ್ವಾ, ಒಳಗಿನ ತೆರವು ಮುಚ್ಚಿ ಹೋಗಿದೆ ಅಂದ.

"ಅಜ್ಜಾರ, ಒಂದ ಎಳಿನೂ ಹೆಚ್ಚ ಮಾಡಿಲ್ರಿ ನಾ. ನಿಮ್ಮ ಬೋರ್ಡ ಹೆಂಗ ಅದನೋ ಹಂಗ ತಗದೇನಿ."

"ನಾ ಹಿಂಗ ಬರದಿಲ್ಲವ್ವಾ. ನನ್ನ ಅಕ್ಷರದಾಗ ಗಾಳಿ ಆಡತಿತ್ತು."

"ಬರ್ರಿ ಹಂಗಾರ. ಬಂದು ಕಣ್ಣಿಲೆ ನೋಡ್ರಿ" ಅಂದಳು. ಸಿಟ್ಟು ಬಂದಿತ್ತು ಹುಡುಗಿಗೆ.

ಶುಕ್ರವಾರ ಮೊದಲನೆ ಬಸ್ಸಿಗೇ ಹೊರಟ. ಸಿಂದಗಿಯಲ್ಲೊಂದು ಬಸ್ಸು ಬದಲು, ಬಸವನ ಬಾಗೇವಾಡಿಯಲ್ಲಿ ಇನ್ನೊಂದು. ಕಿಟಕಿಯ ಹತ್ತಿರ ಕೂತರೆ ಬಿಸಿಲು ಅನ್ನಿಸಿ ಎದ್ದ, ನಡುವೆ ಕೂತರೆ ಹೊರಗಿನ ಬೋರ್ಡು ಕಾಣುವುದಿಲ್ಲ ಅಂತ ಮತ್ತೆ ಕಿಟಕಿಗೆ ಬಂದ. ಕಂಡಕ್ಟರ್ ಒಂದು ಸಲ ನೋಡಿದ, ಎರಡು ಸಲ ನೋಡಿದ, "ಮುತ್ಯಾ, ಒಂದ ಟಿಕೀಟಿಗೆ ಎಷ್ಟ ಸೀಟು?" ಅಂದ. ದಾರಿಯುದ್ದಕ್ಕೂ ಮಡಿವಾಳಪ್ಪ ಅಕ್ಷರಗಳನ್ನೇ ನೋಡಿದ. ಪೆಟ್ರೋಲ್ ಪಂಪು, ಬೀಜದಂಗಡಿ, ಸಾಲಿ ಗೋಡೆ. ಯಾವುದನ್ನು ಎಷ್ಟು ದೂರದಿಂದ ಓದಲು ಬರುತ್ತದೆ ಅಂತ ಮನಸ್ಸಿನಲ್ಲೇ ಅಳೆಯುತ್ತಿದ್ದ. ಬಸ್ಸು ಮುಂದೆ ಹೋಗುತ್ತಿತ್ತು, ಲೆಕ್ಕ ತಪ್ಪುತ್ತಿತ್ತು.

ಬಾಗೇವಾಡಿ ಸ್ಟ್ಯಾಂಡಿನ ಎದುರು ಇಳಿದವನೇ ಗಕ್ಕನೆ ನಿಂತ. ಬಳೆ ಅಂಗಡಿಯ ಮಾಡಿಗೆ ಎರಡಾಳೆತ್ತರದ ಬೋರ್ಡು. ಅವನದೇ ಅಕ್ಷರ. ಒಂದೊಂದೂ ಬಾಗಿಲಿನಷ್ಟು ದೊಡ್ಡದು, ಮೂಲೆ ಒಡೆದ ಕಲ್ಲಿನ ಹಾಗೆ ಗಟ್ಟಿಮುಟ್ಟು. ಅದನ್ನು ನೋಡಿ ಅವನ ಎದೆ ಉಬ್ಬಿತು, ಸುಳ್ಳು ಹೇಳಬಾರದು. ಬಳೆಗಳ ಗೊಂಚಲು ತೂಗುಹಾಕುತ್ತಿದ್ದ ಅಂಗಡಿಯ ಶಬಾನಾ ಅವನು ನಿಂತು ನೋಡುವುದನ್ನು ಕಂಡಳು.

"ಚೊಲೋ ಕಾಣತೈತಿ ಅಲ್ರಿ? ಹೊಸಾ ನಮೂನಿ ಬಂದೈತಿ. ಮಡಿವಾಳಪ್ಪ ಅಂತ ಅದರ ಹೆಸರು."

"ಹೌದೇನ್ರಿ?"

"ಹೌದ್ರಿ. ಕಂಪ್ಯೂಟರದವರು ಹೇಳಿದ್ರು. ಬಳಿ ಬೇಕಿದ್ವೇನ್ರಿ?"

"ಇಲ್ರಿ, ಓದಾಕ ನಿಂತಿದ್ದೆ" ಅಂದು ಬಸ್ಸಿನ ಕಡೆ ನಡೆದ. ಹತ್ತಿರ ನಿಂತು ನೋಡಲು ಈ ದಪ್ಪ ಒಪ್ಪುತ್ತದೆ, ಹಾಗಾದರೆ ತಪ್ಪೆಲ್ಲಿದೆ? ಮುದ್ದೇಬಿಹಾಳ ಮುಟ್ಟುವ ತನಕ ಅವನು ಒಮ್ಮೆ ವೃಂದಾಳನ್ನು ಬೈದ, ಒಮ್ಮೆ ವೈನಿಯ ಕಣ್ಣನ್ನು ಬೈದ.

ಗುರುರಾಜ ಮಾಸ್ತರರು ಬಾಗಿಲಲ್ಲೇ ಸಿಕ್ಕರು. "ಬರ್ರಿ ಮಡಿವಾಳಪ್ಪನವರ. ನಮ್ಮಾಕಿ ನಿನ್ನಿಯಿಂದ ಸರಿಯಾಗಿ ಊಟಾ ಮಾಡಿಲ್ಲ. ನೀವೂ ಮಾಡಿಲ್ಲಂತ ಕಾಣತದ. ಇಬ್ಬರಿಗೂ ಕೂಡೇ ಅವಲಕ್ಕಿ ಹಚ್ಚಸ್ತೇನಿ."

ವೃಂದಾ ಅವಲಕ್ಕಿಗೂ ಕಾಯದೆ ಲ್ಯಾಪ್‌ಟಾಪು ತಂದಿಟ್ಟಳು. ಸಿಂದಗಿ ಟೆಂಪೋದ ಹಳೆಯ ಬೋರ್ಡಿನ ಫೋಟೋ, ಅದರ ಮೇಲೆ ತಾನು ಎಳೆದ ಕೆಂಪು ಗೆರೆ. ಗೆರೆ ಬಣ್ಣದ ಅಂಚಿನ ಮೇಲೇ ಕೂತಿತ್ತು, ಒಳಗೂ ಇಲ್ಲ ಹೊರಗೂ ಇಲ್ಲ.

"ಹೇಳ್ರಿ ಈಗ. ಎಲ್ಲಿ ಹೆಚ್ಚ ಮಾಡೇನಿ?"

ಮಡಿವಾಳಪ್ಪ ಕನ್ನಡಕ ಒರೆಸಿ ಹಾಕಿಕೊಂಡ. ಹುಡುಗಿ ಹೇಳುವುದು ಖರೆ ಇತ್ತು. "ಇನ್ನಷ್ಟು ದೊಡ್ಡದು ಮಾಡವ್ವಾ" ಅಂದ. ದೊಡ್ಡದು ಮಾಡಿದಳು. ದ ಅಕ್ಷರದ ಮೂಲೆಯೊಂದೇ ಪರದೆ ತುಂಬ ನಿಂತಿತು. ಅಲ್ಲಿ ಬಣ್ಣದ ಅಂಚು ಒಂದೇ ಇರಲಿಲ್ಲ. ಒಂದರ ಹೊರಗೆ ಒಂದು, ಅದರ ಹೊರಗೆ ಮತ್ತೊಂದು, ಸಣ್ಣ ಸಣ್ಣ ಮೆಟ್ಟಿಲು ಕಟ್ಟಿದ ಹಾಗೆ ಕಾಣುತ್ತಿತ್ತು.

ಅವನ ಕೈ ತನ್ನಷ್ಟಕ್ಕೆ ತೊಡೆಯ ಮೇಲೆ ಬಿತ್ತು.

ಖಂಡೇಪೂಜೆ. ವರ್ಷವರ್ಷ ದಸರೆಯಲ್ಲಿ ಗಾಡಿ, ಆಯುಧಗಳಿಗೆ ಮಾಡುವ ಈ ಪೂಜೆಯ ಹಿಂದಿನ ದಿನ ಟೆಂಪೋಗಳು ಅವನ ಮನೆಯ ಮುಂದೆ ಸಾಲು ಹಚ್ಚುತ್ತಿದ್ದವು. ಪೂಜೆಗೆ ಬೋರ್ಡು ಹೊಳೆಯಬೇಕು. ಹೊಸದಾಗಿ ಬರೆಯುವಷ್ಟು ವ್ಯಾಳ್ಯಾ ಯಾರಿಗಿತ್ತು? ಹಳೆಯ ಅಕ್ಷರದ ಮೇಲೇ ಬ್ರಶ್ಶು ಆಡಿಸುವುದು. ಹಳೆಯ ಅಂಚು ಕಾಣಬಾರದು ಅಂತ ಕೂದಲೆಳೆಯಷ್ಟು ಹೊರಗೆ ಹೋಗುವುದು. ಗಾಡಿ ಹಳತಾಗಿ ಮಾರಿದರೂ, ಕುಂಕುಮ ಕಂಡ ಬೋರ್ಡು ಅಂತ ಅದನ್ನು ಮಾತ್ರ ಬಿಚ್ಚಿ ಹೊಸ ಗಾಡಿಗೆ ಹಚ್ಚಿಸುತ್ತಿದ್ದರು. ಹೀಗೆ ಮೂವತ್ತು ದಸರೆ, ಮೂವತ್ತು ಎಳೆ. ಅಕ್ಷರ ಹೊರಗೂ ದಪ್ಪಾಗಿತ್ತು, ಒಳಗೂ ತುಂಬಿಕೊಂಡಿತ್ತು. ಯಾರೂ ತಕರಾರು ಮಾಡಲಿಲ್ಲ, ಯಾಕೆಂದರೆ ಯಾರೂ ಓದುತ್ತಿರಲಿಲ್ಲ. ಹಸಿರು ಕಂಡರೆ ತಾಂಬಾ, ಕೆಂಪು ಕಂಡರೆ ಸಿಂದಗಿ ಅಂತ ಬಣ್ಣ ನೋಡಿ ಹತ್ತುತ್ತಿದ್ದರು. ಉಸ್ತಾದ ಹೇಳಿದ ತೊಂಬತ್ತು ಹೆಜ್ಜೆಯನ್ನು ಅವನೂ ಮೊದಲ ಬೋರ್ಡು ಬರೆದ ದಿನ ನಡೆದದ್ದು, ಆಮೇಲೆ ನಡೆದಿರಲಿಲ್ಲ.

ಅವಲಕ್ಕಿ ಬಂತು. ಯಾರೂ ಮುಟ್ಟಲಿಲ್ಲ. ಮಾಸ್ತರರು ಸಮಾಧಾನಕ್ಕೆ, "ಇರಲಿ ಬಿಡ್ರಿ. ಮಂದಿಗೆ ನಾಕ ದಿನಾ ತ್ರಾಸ ಆಗತದ, ಆಮ್ಯಾಲ ರೂಢಿ ಆಗತದ" ಅಂದರು.

ಅದೂ ಇತ್ತು. ಸುಮ್ಮನಿದ್ದರೆ ಆಗುತ್ತಿತ್ತು. ಬಾಗೇವಾಡಿಯ ಬೋರ್ಡು ಕಣ್ಣ ಮುಂದೆ ಬಂತು, ಬಳೆ ಅಂಗಡಿಯವಳ ಬಾಯಿಂದ ಬಂದ ತನ್ನ ಹೆಸರು ಕಿವಿಗೆ ಬಂತು. ಬ್ರಶ್ಶು ಒಣಗಿದ ಮೇಲೆ ಯಾರು ಕರೆದಿದ್ದರು ಆ ಹೆಸರನ್ನು? ಮಡಿವಾಳಪ್ಪ ಎದ್ದು ಪಡಸಾಲೆಯಲ್ಲಿ ಎರಡು ಸಲ ಆಚೆ ಈಚೆ ಓಡಾಡಿದ. ತಾಂಬಾದ ಗಾಡಿಯ ಮುಂದೆ ನಿಂತು ತಾಂಬಾದ ಗಾಡಿ ಕೇಳಿದ ವೈನಿ. ನಾಳೆ ದವಾಖಾನೆಗೆ ಬಂದವರು, ಕೂಸು ಹೊತ್ತವರು. ಅವರೆಲ್ಲ ತಮ್ಮ ಗಾಡಿಯ ಮುಂದೇ ನಿಂತು ಮಂದಿಯ ಕೈಯಲ್ಲಿ ನಗಿಸಿಕೊಳ್ಳಬೇಕು, ಆ ಬೋರ್ಡಿಗೆ ಇವನ ಹೆಸರು ಇರಬೇಕು.

"ತಪ್ಪ ನಿಂದಲ್ಲವ್ವಾ, ನಂದು" ಅಂದ. ನಿಂತುಕೊಂಡೇ ಎಲ್ಲ ಹೇಳಿದ.

ವೃಂದಾ ನಂಬಲಿಲ್ಲ. "ಮೊದಲಿಂದು ಹೆಂಗಿತ್ತು ಅಂತ ನೋಡೂದ ಹೆಂಗ ಮತ್ತ?"

ಹೇಗೆ ಅಂತ ಅವನಿಗೆ ಗೊತ್ತಿತ್ತು. ಹಳದಿ ಬೋರ್ಡು ಏರಿಸುವಾಗ ಸಿಂದಗಿ ಗಾಡಿಯ ಹಳೆಯ ಬೋರ್ಡನ್ನು ಬಿಚ್ಚಿ, ಸಿಂದಗಿಯ ಗುಜರಿಯವನಿಗೆ ಒಪ್ಪಿಸಿದ್ದರು. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಟರು.

ಗುಜರಿಯ ದಾವಲಮಲಿಕ ಬೋರ್ಡು ಕೇಳಿದ್ದಕ್ಕೆ ಹಿತ್ತಲಿಗೆ ಕರೆದೊಯ್ದ. ಅದು ಆಡಿನ ಕೊಟ್ಟಿಗೆಯ ಬಾಗಿಲಾಗಿ ಕೂತಿತ್ತು. "ಒಯ್ಯಾಕ ಬಂದ್ರ ಕೊಡಂಗಿಲ್ಲ ನೋಡ್ರಿ, ಮರಿ ಹೊರಗ ಬೀಳತಾವು. ಇಲ್ಲೇ ಏನ ಕೆರಕೋತೀರಿ ಕೆರಕೋರಿ" ಅಂದು, ತುಕ್ಕು ಕೆರೆಯುವ ಉಕ್ಕಿನ ಪಟ್ಟಿಯನ್ನೂ ಅವನೇ ಕೊಟ್ಟ.

ಮಡಿವಾಳಪ್ಪ ಮೊಣಕಾಲೂರಿ ಕೂತ. ದ ಅಕ್ಷರದ ಒಳಮೂಲೆಗೆ ಥಿನ್ನರ್ ಹಚ್ಚಿ, ಕಾದು, ಸಾವಕಾಶ ಕೆರೆದ. ಬಿಳಿಯ ಕೆಳಗೆ ಬಿಳಿ. ಅಕ್ಷರದ ಸುತ್ತ ಕೆಂಪಿನ ಕೆಳಗೆ ಕೆಂಪು, ನಡುವೆ ಮಾಲಕ ಬದಲಾದ ವರ್ಷದ ಒಂದು ನೀಲಿ ಪದರ, ಮತ್ತೆ ಕೆಂಪು. ಆಡುಗಳು ಬಂದು ಟವೆಲ್ಲು ಮೂಸಿದವು. ಬಣ್ಣದ ಸಿಪ್ಪೆ ಮೊಣಕಾಲ ಸುತ್ತ ಬಿದ್ದಂತೆ ಅಕ್ಷರದೊಳಗಿನ ತೆರವು ಅಗಲವಾಗುತ್ತ ಹೋಯಿತು. ಕಡೆಗೆ ತಗಡಿಗೆ ಅಂಟಿದ ಮೊದಲ ಕೈ ಕಂಡಿತು. ಅದರ ಅಂಚಿಗೆ ಸರಿಯಾಗಿ, ಇನ್ನೂ ಮಾಸದೆ, ದಾರ ಹೊಡೆದ ನೀಲಿಗೆರೆ ಇತ್ತು.

ವೃಂದಾ ಆ ತೆರವಿನಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡಿದಳು. ಸರಿಯಾಗಿ ಕೂತಿತು. ಕೆರೆಯದೆ ಬಿಟ್ಟ ಪಕ್ಕದ ಅಕ್ಷರದಲ್ಲಿ ಅವಳ ಉಗುರೂ ಕೂಡುತ್ತಿರಲಿಲ್ಲ.

"ಇದು ಬ್ಯಾರೇ ಅಕ್ಷರ ರೀ ಅಜ್ಜಾರ" ಅಂದಳು. ಧ್ವನಿ ಸಣ್ಣದಾಗಿತ್ತು. "ಪುಣೆಯೊಳಗ ಎಲ್ಲಾರೂ ಮೆಚ್ಚಿದ್ದು ಆ ದಪ್ಪನ್ನ. ನಾನೂ ಅದಕ್ಕ ಮರುಳಾಗಿದ್ದೆ. ಎರಡು ವರ್ಷ ಅದನ್ನ ಮಾಡೇನಿ."

"ಅದೂ ಇರಲಿ. ಅಂಗಡಿ ಮ್ಯಾಲ ಚೊಲೋ ಕಾಣತೈತಿ, ನೋಡಿ ಬಂದೇನಿ. ಅಂಗಡಿ ನಿಂತಲ್ಲೇ ನಿಂತಿರತೈತಿ. ಟೆಂಪೋ ನಿಂದ್ರೂದಿಲ್ಲ."

"ಮತ್ತ ಹೆಸರು?"

"ದಪ್ಪಂದಕ್ಕ ನನ್ನ ಹೆಸರು ತಗಿ. ಖಂಡೇಪೂಜಿ ಅಂತ ಇಡು."

ಸಿಟ್ಟಿನಲ್ಲಿದ್ದವಳಿಗೂ ನಗು ಬಂದುಬಿಟ್ಟಿತು. ಕೂಡಲೇ ಮುಖ ಗಂಟಿಕ್ಕಿ, ಒತ್ತು ದೀರ್ಘ ಎಲ್ಲ ಸೇರಿ ನಾನೂರು ಆಕಾರ ತಿದ್ದಬೇಕು, ಆರು ತಿಂಗಳ ಕೆಲಸ, ಬೋರ್ಡು ಏರುವುದು ಸೋಮವಾರ ಅಂತ ನೆನಪು ಮಾಡಿದಳು.

"ಸೋಮವಾರಕ್ಕ ಊರ ಹೆಸರಷ್ಟ ಸಾಕು" ಅಂದ ಮಡಿವಾಳಪ್ಪ.

ಶನಿವಾರ ಬೆಳಗ್ಗೆ ಇಂಡಿಯಲ್ಲಿ ಅಫ್ತಾಬನ ರೇಡಿಯಂ ಅಂಗಡಿ. ಗಾಡಿಗಳಿಗೆ ಸ್ಟಿಕರು ಕತ್ತರಿಸಿ ಅಂಟಿಸುವವನು ಅವನು. ಏರಿಸಿದ್ದ ಮೂರು ಬೋರ್ಡನ್ನೂ ಇಳಿಸಿ ತಂದಿದ್ದ. ನಲವತ್ತೆರಡೂ ಗೋಡೆಗೆ ಒರಗಿದ್ದವು, ಹಳದಿ ತಗಡಿನ ಮೇಲೆ ಕಪ್ಪು ರೇಡಿಯಂ ಅಂಟಿಸಿ ಆಗಿತ್ತು. ಬೇರೆ ಕತ್ತರಿಸೋಣ ಅಂದರೆ ಕಪ್ಪಿನ ಸುರುಳಿ ಮುಗಿದಿತ್ತು, ಸೋಲಾಪುರದಿಂದ ಬರುವುದು ಬುಧವಾರ. ಸಂಘದ ಕಾರ್ಯದರ್ಶಿ ಯಂಕಪ್ಪ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ತನ್ನ ಅಕ್ಷರದ ಮ್ಯಾಲ ತಾನ ತಕರಾರು ತಗಿಯಾವನ್ನ ಇವತ್ತ ನೋಡಾಕತ್ತೇನಿ. ಏನ ಬೇಕಾದ್ದು ಮಾಡ್ರಿ ಕಾಕಾ. ಸೋಮವಾರ ಮುಂಜಾನೆ ಗಾಡಿ ಮ್ಯಾಲ ಬೋರ್ಡ ಇರಬೇಕು. ಬೋಳ ಹಣಿ ಇಟಗೊಂಡು ಒಂದ ಗಾಡಿನೂ ಸ್ಟ್ಯಾಂಡ ಬಿಡಂಗಿಲ್ಲ."

"ಇರತಾವು."

"ಕೈ ನಡಗತೈತಲ್ಲ ನಿಮ್ಮದು" ಅಂದ ಅಫ್ತಾಬ, ಅವನು ಬ್ಲೇಡು ಎತ್ತಿಕೊಂಡದ್ದು ನೋಡಿ.

ಮಡಿವಾಳಪ್ಪ ಉಕ್ಕಿನ ಸ್ಕೇಲನ್ನು ಅಕ್ಷರದ ಒಳಅಂಚಿಗೆ ಇಟ್ಟು, ಎಡಗೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ, ಬ್ಲೇಡನ್ನು ಸ್ಕೇಲಿಗೆ ಆನಿಸಿ ಎಳೆದ. ಬ್ರಶ್ಶು ಹಿಡಿದರೆ ತಾಳ ತಪ್ಪುವ ಕೈಯನ್ನು ಸ್ಕೇಲು ಅಲ್ಲಾಡಗೊಡಲಿಲ್ಲ. ತಿರುವು ಇದ್ದಿದ್ದರೆ ಸೋಲುತ್ತಿದ್ದ. ಈ ಅಕ್ಷರದಲ್ಲಿ ತಿರುವು ಇರಲಿಲ್ಲ. ಎಳೆ ಕಿತ್ತು ಬಂತು, ಕೆಳಗಿನ ಹಳದಿ ಕಂಡಿತು.

ವೃಂದಾ ಪಕ್ಕದಲ್ಲಿ ಕೂತು ಅವನು ಎಷ್ಟು ಕಿತ್ತ ಅಂತ ಪ್ರತಿ ಅಕ್ಷರಕ್ಕೂ ಅಳೆದು ಬರೆದುಕೊಂಡಳು. "ನಾಕೂ ಕಡಿಂದ ಸಮ ತಗೀರಿ ಅಜ್ಜಾರ" ಅಂದಳು.

"ಮ್ಯಾಲಿಂದು ಮುಟ್ಟಬ್ಯಾಡವ್ವಾ. ತಲಿ ದಪ್ಪ ಇರಲಿ, ಹೊಟ್ಟಿ ಖಾಲಿ ಇರಲಿ. ದೂರಿಂದ ಮೊದಲ ಕಾಣೂದು ತಲಿ."

ಅವಳು ಒಪ್ಪದೆ ಲ್ಯಾಪ್‌ಟಾಪಿನಲ್ಲಿ ಎರಡು ಥರ ಮಾಡಿ, ಅಫ್ತಾಬನ ಕೈಯಲ್ಲಿ ಹಿಡಿಸಿ, ರಸ್ತೆಯ ಆ ತುದಿಗೆ ಹೋಗಿ ನೋಡಿ ಬಂದಳು. ಬಂದು ಮೇಲಿನ ಅಳತೆ ಕಾಟು ಹೊಡೆದಳು. ಒಂದು ಝಳಕಿಯ ಬೋರ್ಡಿನಲ್ಲಿ ಅವನು ಹೆಚ್ಚು ಕಿತ್ತು ಅಕ್ಷರ ಸೊರಗಿಹೋಯಿತು. "ಇದು ಯಂಕಪ್ಪನ ಗಾಡಿಗೆ" ಅಂದ ಅಫ್ತಾಬ. ಶನಿವಾರ ಹೋಯಿತು, ಭಾನುವಾರ ಹೋಯಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತರೂ ಮೂವತ್ತೊಂದೇ ಆದವು.

ಸೋಮವಾರ ಎಲ್ಲ ಬೋರ್ಡೂ ಏರಿದವು. ಆಗದೇ ಉಳಿದ ಹನ್ನೊಂದನ್ನೂ ಯಂಕಪ್ಪ ಹಾಗೆಯೇ ಏರಿಸಿದ, ಮಾತು ಮಾತೇ ಅಂತ. ಮಡಿವಾಳಪ್ಪ ಸ್ಟ್ಯಾಂಡಿನ ಆಚೆ, ಕಬ್ಬಿನ ಹಾಲಿನ ಗಾಡಿಯ ಮಗ್ಗುಲಿಗೆ ನಿಂತಿದ್ದ. ವೃಂದಾ ಜೊತೆಗಿದ್ದಳು. ಯಾರನ್ನೂ ಕರೆದು ಓದಿಸುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ದವಾಖಾನೆಯ ಕಡೆಯಿಂದ ಒಬ್ಬಾಕೆ ಬಂದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಎಕ್ಸರೇದ ದೊಡ್ಡ ಲಕೋಟೆ. ಮೂಲೆಗೆ ನಿಂತು ಸಾಲು ನೋಡಿದಳು. ತುಟಿ ಅಲ್ಲಾಡಿದ್ದು ಇಷ್ಟು ದೂರಕ್ಕೆ ಕಂಡಿತೋ, ಅವನಿಗೆ ಹಾಗನ್ನಿಸಿತೋ. ಯಾರನ್ನೂ ಕೇಳದೆ ನಡೆದು ಹೋಗಿ, ಬೋರ್ಡು ತಿದ್ದಿದ ಐದನೆಯ ಗಾಡಿಯ ಸೀಟಿನ ಮೇಲೆ ಲಕೋಟೆ ಇಟ್ಟು, "ಯಾವಾಗ ಬಿಡ್ತೀಯೋ?" ಅಂದಳು.

"ತುಂಬಿದ ಮ್ಯಾಲ" ಅಂದ ಡ್ರೈವರು.

ಮಡಿವಾಳಪ್ಪ ಉಸಿರು ಬಿಟ್ಟ. ಅಷ್ಟರಲ್ಲಿ ಸಾಲಿನ ಕೊನೆಗೆ, ತಿದ್ದದೇ ಏರಿಸಿದ ಒಂದು ದಪ್ಪ ಬೋರ್ಡಿನ ಕೆಳಗೆ, ತಲೆಗೆ ಪಟಗ ಸುತ್ತಿದ ಮುದುಕನೊಬ್ಬ ಕತ್ತು ಎತ್ತಿ ನಿಂತದ್ದು ಕಂಡಿತು. ಮುದುಕ ಒಂದು ಹೆಜ್ಜೆ ಮುಂದೆ ಬಂದ, ಹಿಂದೆ ಸರಿದ, ಆಜೂಬಾಜೂ ನೋಡಿದ.

"ಅಜ್ಜಾರ, ಅವರಿಗೆ ಹೇಳಿ ಬರ್ತೇನಿ" ಅಂತ ವೃಂದಾ ಹೊರಟಳು.

"ಹೇಳಿ ಬಾ. ಹಂಗ ಡ್ರೈವರಗೂ ಹೇಳು, ಬೋರ್ಡ ಬಿಚ್ಚಿ ಕೆಳಗ ಕೊಡು ಅಂತ. ಗಾಡಿ ತುಂಬೂದರಾಗ ಮುಗಸ್ತೇನಿ" ಅಂದು ಅವನು ಅಂಗಿಯ ಕಿಸೆಯಲ್ಲಿ ಬ್ಲೇಡು ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಂಡು, ಅವಳ ಹಿಂದೆ ನಡೆದ.